ದಾರಿಯ ಕಲ್ಲೆಲ್ಲ ಹರಕೆಯ ಪಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸವನಕಲ್ಲು ಬೆಟ್ಟದ ಬುಡದ ಹಳ್ಳದಲ್ಲಿ ಚಿಕ್ಕನಿಂಗಮ್ಮ ಕಲ್ಲು ಆರಿಸುತ್ತಿದ್ದಾರೆ. ಕಾಲಿನಿಂದ ಒಂದನ್ನು ಮಗುಚುತ್ತಾರೆ, ಬೇಡವೆಂದು ಬಿಡುತ್ತಾರೆ, ಇನ್ನೊಂದನ್ನು ಎತ್ತಿ ಮಂಕರಿಗೆ ಹಾಕುತ್ತಾರೆ. ಚಪ್ಪಟೆಯಾಗಿದ್ದರೆ ಮಾತ್ರ ಅವರಿಗೆ ಬೇಕು. ಮಂಕರಿ ತುಂಬಿದ ಮೇಲೆ ತಲೆಗೆ ಸಿಂಬೆ ಇಟ್ಟು, ಮಂಡಿಯೂರಿ, ಒಬ್ಬರೇ ಹೊರೆ ಎತ್ತಿಕೊಂಡು ಏಳುತ್ತಾರೆ. ನಾನು ಕೈಕೊಡಲು ಹೋದರೆ, "ಬುಡಿ ಸ್ವಾಮಿ, ನೀವು ಇಡ್ಕಂಡ್ರೆ ಸಮ ತಪ್ತದೆ" ಎಂದು ನಗುತ್ತಾರೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತವರು ಈ ಬೆಟ್ಟವನ್ನು ಎಡಗಡೆ ನೋಡಿರುತ್ತಾರೆ. ಈಗೀಗ ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹತ್ತುವವರ ಸಾಲೇ ಇರುತ್ತದೆ. ಮಾರ್ಚಿ ತಿಂಗಳಲ್ಲಂತೂ ಬೆಟ್ಟ ಕಣ್ತುಂಬ. ಮುತ್ತುಗ ಒಂದು ಎಲೆಯೂ ಇಲ್ಲದೆ ಕೆಂಪಾಗಿ ನಿಂತಿರುತ್ತದೆ, ಕವಳೆ ಪೊದೆಯಲ್ಲಿ ಬೆಳ್ಳನೆ ಹೂ, ತಿರುವಿನಲ್ಲಿ ಕಾಡುಮಲ್ಲಿಗೆಯ ವಾಸನೆ. ನೆತ್ತಿಯ ಬಸವನ ಗುಡಿಯ ಹತ್ತಿರ ನಿಂತರೆ ತೆಂಕಲಿಗೆ ನೀಲಗಿರಿ, ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು, ಕೆಳಗೆ ಅರಿಸಿನ ಕಿತ್ತು ಬರಿದಾದ ಕೆಂಪು ಹೊಲ. ಇಳಿದು ಬಂದವರೆಲ್ಲ ಹೇಳುವುದು ಒಂದೇ ಮಾತು: "ಎಷ್ಟು ಸುಲಭವಾದ ಬೆಟ್ಟ! ಮುದುಕರೂ ಹತ್ತಬಹುದು."

ಸುಲಭವಂತೆ! ಬೆಟ್ಟ ತಾನಾಗಿ ಸುಲಭವಾಗಿ ಹುಟ್ಟಿತೆಂದು ಇವರು ತಿಳಿದಿದ್ದಾರೆ. ದಾರಿಯಲ್ಲಿ ಅಲ್ಲಲ್ಲಿ ಓರೆಯಾಗಿ ಒಂದು ಸಾಲು ಚಪ್ಪಟೆ ಕಲ್ಲು ಹುಗಿದಿರುವುದು ಇವರ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕನಿಂಗಮ್ಮ ಅದಕ್ಕೆ ಅಡ್ಡಗಲ್ಲು ಎನ್ನುತ್ತಾರೆ. ಮೇಲಿಂದ ನುಗ್ಗಿ ಬರುವ ಮಳೆನೀರು ಈ ಕಲ್ಲಿಗೆ ತಾಗಿ ಪಕ್ಕಕ್ಕೆ ತಿರುಗಿ ಹೋಗುತ್ತದೆ. ಅದಿಲ್ಲದಿದ್ದರೆ ನೀರು ದಾರಿಯಲ್ಲೇ ಓಡಿ, ಒಂದೇ ಮಳೆಗೆ ದಾರಿ ಕೊರಕಲಾಗುತ್ತದೆ. ಆಮೇಲೆ ಮುದುಕರ ಮಾತಿರಲಿ, ಆಡೂ ಹತ್ತಲಾರದು.

ಈ ಅಡ್ಡಗಲ್ಲುಗಳನ್ನು ಹಾಕಿದ್ದು ಚಿಕ್ಕನಿಂಗಮ್ಮನ ಮಾವ. ಆಮೇಲೆ ಗಂಡ ಬೀರಯ್ಯ ನೋಡಿಕೊಂಡರು. ಅವರು ಚಳಿಜ್ವರದಲ್ಲಿ ತೀರಿಕೊಂಡಾಗ ಗುಡಿಯ ಸಮಿತಿ ಕೆಲಸವನ್ನು ಇವರಿಗೇ ಬಿಟ್ಟಿತು. ಕೂಲಿ ಅಂತ ಏನೂ ಇಲ್ಲ. ಬೆಟ್ಟದ ಹುಲ್ಲು ಕೊಯ್ದುಕೊಳ್ಳಬಹುದು, ಅಷ್ಟೆ. ಆ ಹುಲ್ಲಿನಿಂದ ಎರಡು ಎಮ್ಮೆ ಬದುಕಿವೆ, ಎಮ್ಮೆಗಳಿಂದ ಮನೆ ಬದುಕಿದೆ.

ಹಾಗಾದರೆ ದಿನಾ ಕಲ್ಲು ಹೊರುವುದೇಕೆ? ಒಮ್ಮೆ ಹುಗಿದ ಕಲ್ಲು ಎಲ್ಲಿಗೆ ಹೋಗುತ್ತದೆ? ಗುಡಿಯ ಹತ್ತಿರ ಹೋದರೆ ತಿಳಿಯುತ್ತದೆ. ಬಂಡೆಯ ಮೇಲೆಲ್ಲ ಪುಟ್ಟ ಪುಟ್ಟ ಕಲ್ಲಿನ ಗೋಪುರಗಳು. ಕಲ್ಲಿನ ಮೇಲೆ ಕಲ್ಲಿಟ್ಟು ಹರಸಿಕೊಂಡರೆ ಬಸವಣ್ಣ ಮನೆ ಕಟ್ಟಿಸಿಕೊಡುತ್ತಾನೆ ಎಂಬ ನಂಬಿಕೆ. ನೆತ್ತಿಯಲ್ಲಿರುವುದು ಹಾಸುಬಂಡೆ, ಪೇರಿಸಲು ಒದಗುವ ಕಲ್ಲು ಅಲ್ಲಿಲ್ಲ. ಕೈಗೆ ಸಿಗುವುದು ದಾರಿಯ ಅಡ್ಡಗಲ್ಲು. ಭಕ್ತರು ಅದನ್ನು ಕಿತ್ತು ಒಯ್ಯುತ್ತಾರೆ. ಭಾನುವಾರ ಕಿತ್ತದ್ದನ್ನು ತುಂಬುವಷ್ಟರಲ್ಲಿ ಮತ್ತೆ ಭಾನುವಾರ ಬರುತ್ತದೆ.

"ಆ ಗೋಪುರದಿಂದಲೇ ನಿಮ್ಮ ಕಲ್ಲು ವಾಪಸ್ ತರಬಾರದೆ?" ಎಂದು ಕೇಳಿದೆ. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. "ಉಂಟಾ ಸ್ವಾಮಿ! ಒಬ್ರು ಮನೆ ಆಗ್ಲಿ ಅಂತ ಅರಸ್ಕಂಡು ಮಡಗವ್ರೆ. ಅದ ಕೆಡವುದ್ರೆ ಅವ್ರ ಮನೆನೇ ಕೆಡವ್ದಂಗೆ. ನಂಗೆ ಬ್ಯಾಡಪ್ಪ ಆ ಪಾಪ." ಆಮೇಲೆ ಮಂಕರಿ ಇಳಿಸಿ ಬೆವರು ಒರೆಸಿಕೊಳ್ಳುತ್ತ, "ಕಲ್ಲು ಒತ್ತೋಳ್ಗೆ ಬಸಪ್ಪ ಮನೆ ಕೊಡಂಗಿದ್ರೆ ಇಷ್ಟೊತ್ಗೆ ಗುಂಡ್ಲುಪೇಟೆ ಎಲ್ಲಾ ನಂದೇ ಆಗಿರದು" ಎಂದು ಗಟ್ಟಿಯಾಗಿ ನಕ್ಕರು. ಸಿಂಬೆ ಸರಿದಾಗ ನೋಡಿದೆ, ನಡುನೆತ್ತಿಯಲ್ಲಿ ಕೂದಲೇ ಇಲ್ಲ.

ನಾವು ಮಾತಾಡುತ್ತಿರುವಾಗಲೇ ಕೆಳಗಿನಿಂದ ಸಮಿತಿಯ ಯಜಮಾನ ಶಾಂತಮಲ್ಲಪ್ಪನವರು ಮೈಸೂರಿನ ನೆಂಟರನ್ನು ಕರೆದುಕೊಂಡು ಬಂದರು. ಹೋದ ವಾರದ ಅಕಾಲದ ಮಳೆಗೆ ಅಲ್ಲೇ ಒಂದು ತಿರುವಿನಲ್ಲಿ ದಾರಿ ಕೊರಕಲಾಗಿದೆ. ಅಲ್ಲಿ ಒಬ್ಬ ಹೆಂಗಸಿನ ಕಾಲು ಉಳುಕಿತು. ಯಜಮಾನರಿಗೆ ರೇಗಿತು.

"ಏನಮ್ಮಿ ನಿಂಗಿ, ಬೆಟ್ಟದುಲ್ಲು ಮೇಯಿಸ್ಕಂಡು ಕೂತಿದ್ದೀಯಾ? ಇದೇನು ದಾರಿಯಾ, ಹಳ್ಳವಾ?"

"ಅಡ್ಡಗಲ್ಲು ಕಿತ್ಬುಟ್ಟವ್ರೆ ಬುದ್ದಿ. ಇವತ್ತು ಮಡಗ್ತೀನಿ."

"ದಿನಾ ಇದೇ ಕತೆ ಆಯ್ತು ನಿಂದು. ಮುಂಗಾರಿಗೆ ಇನ್ನೊಂದ್ಸಲ ದಾರಿ ಕೊಚ್ಚಿದ್ರೆ ಕಂಟ್ರಾಕ್ಟಿಗೆ ಕೊಟ್ಬುಡ್ತೀವಿ. ಹುಲ್ಲೂ ಅವರಿಗೇ. ತಿಳ್ಕೊ."

ಹೀಗೆಂದು ಯಜಮಾನರು ಬಗ್ಗಿದರು. ಚಿಕ್ಕನಿಂಗಮ್ಮ ಬೆಳಗಿನಿಂದ ಹೊತ್ತು ತಂದು, ಆಗಷ್ಟೇ ಹುಗಿದು, ಕಾಲಿನಿಂದ ಒತ್ತಿ ಗಟ್ಟಿಮಾಡಿದ್ದ ಸಾಲಿನಿಂದ ಒಂದು ಒಳ್ಳೆಯ ಚಪ್ಪಟೆ ಕಲ್ಲನ್ನು ಅಲ್ಲಾಡಿಸಿ ಕಿತ್ತುಕೊಂಡರು. ಮಣ್ಣು ಕೊಡವಿದರು. ನೆಂಟರ ಮಗಳ ಕೈಗಿಟ್ಟು, "ತಗೊಳಮ್ಮ, ಮೇಲೆ ಇಟ್ಟು ಹರಸ್ಕೊ, ವರ್ಷದೊಳಗೆ ಸ್ವಂತ ಮನೆ ಆಗುತ್ತೆ" ಎಂದರು.

ನನಗೆ ತಡೆಯಲಾಗಲಿಲ್ಲ. "ಯಜಮಾನರೇ, ಆ ಕಲ್ಲು ಕಿತ್ತಿದ್ದಕ್ಕೇ ದಾರಿ ಕೊಚ್ಚಿಹೋಗೋದು" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಬೆಟ್ಟ ಬಸವಣ್ಣಂದು, ಕಲ್ಲೂ ಬಸವಣ್ಣಂದೇ. ನೀವು ಪೇಪರಿನೋರು ದೇವರ ವಿಷಯಕ್ಕೆ ಬರಬೇಡಿ" ಎಂದು ಮೇಲೆ ನಡೆದುಬಿಟ್ಟರು. ಹಿಂದಿದ್ದ ನಾಲ್ಕು ಮಂದಿಯೂ ಬಗ್ಗಿ ಒಂದೊಂದು ಕಲ್ಲು ಕಿತ್ತುಕೊಂಡರು. ಅವರಲ್ಲಿ ಒಬ್ಬಾತ, "ಎಷ್ಟು ಚೆನ್ನಾದ ಹೂ ನೋಡಿ" ಎಂದು ಕವಳೆ ಪೊದೆ ತೋರಿಸುತ್ತಿದ್ದ.

ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇನ್ನೊಬ್ಬಳ ತಲೆಯ ಮೇಲೆ ಬಂದ ಕಲ್ಲನ್ನು ತನ್ನ ಹರಕೆಗೆ ಇಟ್ಟು, ಅದೇ ಬಾಯಲ್ಲಿ ಅವಳನ್ನು ಕೆಲಸಗೇಡಿ ಎನ್ನುವುದು ಯಾವ ಸೀಮೆಯ ಭಕ್ತಿ? ಸಮಿತಿಯವರಿಗೆ ಗುಡಿಗೆ ಸುಣ್ಣ ಹೊಡೆಸುವುದು ಗೊತ್ತು, ತಮ್ಮ ಹೆಸರಿನ ಕಲ್ಲು ನೆಡಿಸುವುದು ಗೊತ್ತು. ಬುಡದಲ್ಲಿ ಒಂದು ಗಾಡಿ ಕಲ್ಲು ಸುರಿಸಿ, "ಹರಕೆಯವರು ಇಲ್ಲಿಂದ ಒಯ್ಯಿರಿ" ಎನ್ನುವಷ್ಟು ಬುದ್ಧಿ ಮಾತ್ರ ಯಾರಿಗೂ ಬಂದಿಲ್ಲ. ನಾಚಿಕೆಗೇಡು.

ಕಿತ್ತ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಚಿಕ್ಕನಿಂಗಮ್ಮ ಗುಂಡಿ ಸವರುತ್ತಿದ್ದಾರೆ. ನಿಮಗೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ.

"ಬರ್ದೆ ಏನು ಸ್ವಾಮಿ? ನಾನೇನು ಕಲ್ಲಾ? ಆದ್ರೆ ಯಾರ ಮುಂದೆ ಏಳ್ಕಳ್ಳಿ?" ಕೈಯ ಮಣ್ಣು ಕೊಡವಿ ನನ್ನ ಕಡೆ ತಿರುಗಿದರು. "ನೀವು ಬರ್ದಿದ್ದ ಓದೋರು ಪ್ಯಾಟೇಲಿ ಬೋ ಜನ ಅವ್ರಂತಲ್ಲ. ಅರಕೆ ಕಲ್ಲ ಅಳ್ಳದಿಂದಲೇ ಒತ್ಕ ಬನ್ನಿ ಅಂತ ಬರೀರಿ. ಒಬ್ಬೊಬ್ರು ಒಂದೊಂದು, ಅಷ್ಟೆಯಾ. ಬ್ಯಾರೆ ಏನೂ ಬ್ಯಾಡ ನಂಗೆ."

ಖಂಡಿತ ಬರೆಯುತ್ತೇನೆ, ಪುರವಣಿಯಲ್ಲಿ ಜಾಗ ಸಿಕ್ಕಾಗ ಬರುತ್ತದೆ ಎಂದೆ. ಅವರು ಖಾಲಿ ಮಂಕರಿ ಎತ್ತಿಕೊಂಡು ಮತ್ತೆ ಹಳ್ಳದ ಕಡೆ ಹೊರಟವರು ಅಲ್ಲೇ ನಿಂತರು.

"ಮಳೆಗೆ ಮುಂಚೆ ಬರೀರಿ ಸ್ವಾಮಿ. ಮಳೆ ಉಯ್ದ ಮ್ಯಾಲೆ ಬರುದ್ರೆ, ದಾರಿನೂ ಇರಾಕಿಲ್ಲ, ದಾರಿ ಮ್ಯಾಲೆ ನಾನೂ ಇರಾಕಿಲ್ಲ."