ಬದಲಿ ಪಾದ್ರಿಯ ಪಾಠ

ಆರು ನೂರು ವರ್ಷಗಳ ಹಿಂದೆ ಸತ್ತ ಒಬ್ಬ ಇಂಗ್ಲಿಷ್ ಪಾದ್ರಿಯ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ರಾಜನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು, ದೊಡ್ಡವರ ಕೃಪೆಯಿಂದ ಒಂದೊಂದೇ ಊರಿನ ಚರ್ಚನ್ನೂ ಅದರ ಆದಾಯವನ್ನೂ ತನ್ನ ಪಾಲಿಗೆ ಮಾಡಿಕೊಂಡ. ಲಂಡನ್ ಬಿಟ್ಟು ಕದಲಲಿಲ್ಲ. ಆ ಊರುಗಳಲ್ಲಿ ಕೂಸಿಗೆ ನೀರು ಚಿಮುಕಿಸಿದ್ದು, ಹೆಣ ಮಣ್ಣು ಮಾಡಿದ್ದು ಎಲ್ಲ ಅವನು ಸಂಬಳಕ್ಕಿಟ್ಟ ಬದಲಿ ಪಾದ್ರಿಗಳು. ಬಿಷಪ್ಪಾಗಿ ಸತ್ತವನು ಮಾತ್ರ ಅವನು.

2017ರಲ್ಲಿ ಟೊರೊಂಟೊದ ಒಂದು ಕಾಲೇಜಿನಲ್ಲಿ ಈತನ ಬಗ್ಗೆ ಪಾಠ ಮಾಡುತ್ತಿದ್ದೆ. ಕೋರ್ಸು ಪ್ರೊಫೆಸರರದು. ಅವರು ರಜೆಯಲ್ಲಿರುತ್ತಿದ್ದರು, ಇಲ್ಲವೇ ಯಾವುದೋ ಸಮ್ಮೇಳನದಲ್ಲಿ. ನಾನು ಟರ್ಮಿನಿಂದ ಟರ್ಮಿಗೆ ಕಾಂಟ್ರಾಕ್ಟಿನವಳು. ನಗರದಾಚೆಯ ಜಾರ್ಜ್‌ಟೌನಿನಿಂದ ರೈಲು ಹಿಡಿದು ಬಂದು ಪಾಠ ಮಾಡಿ, ಪೇಪರು ತಿದ್ದುವವಳು. ಒಂದು ಖಾಯಂ ಹುದ್ದೆ ಬರುವುದಿತ್ತು, ಅದು ಅವರ ಮಾತಿನ ಮೇಲೆ ನಿಂತಿತ್ತು. ಹಾಗಾಗಿ ಅವರು ನನ್ನ ಪಾಠದ ಟಿಪ್ಪಣಿ ಕೇಳಿದಾಗ ಹಲ್ಲು ಕಚ್ಚಿಕೊಂಡು ಕೊಟ್ಟೆ.

"ಎಂತಕ್ಕೆ ಮಾರಾಯ್ತಿ ಅಷ್ಟು ಸಿಟ್ಟು? ಜಾಬ್ ಪರ್ಮನೆಂಟ್ ಆಗುವವರೆಗೆ ಸುಮ್ಮನಿರು" ಎಂದರು ಗಂಡ.

ಟರ್ಮಿನ ಕೊನೆಗೆ ಪ್ರೊಫೆಸರರ ಸಾರ್ವಜನಿಕ ಉಪನ್ಯಾಸ. ಕಾಫಿಯ ಏರ್ಪಾಟು ನೋಡಿಕೊಳ್ಳಲು ನನಗೇ ಹೇಳಿದ್ದರು. ಅವರು ಬಾಯಿ ತೆರೆದರೆ ನನ್ನವೇ ವಾಕ್ಯಗಳು! ಮೈಯೆಲ್ಲ ಉರಿಯಿತು. ಆದರೂ ನುಂಗಿಕೊಂಡು ಹಿಂದಿನ ಸಾಲಲ್ಲಿ ಕೂತೆ.

ಆಮೇಲೆ ಅವರು, "ಇಂಡಿಯಾದ ಕರಾವಳಿಯಲ್ಲಿ ನನಗೆ ಪರಿಚಯದ ಒಬ್ಬ ಅರ್ಚಕರಿದ್ದರು" ಎಂದು ಶುರುಮಾಡಿದರು. ಅದು ನನ್ನ ಅಪ್ಪ. ಉಡುಪಿ ಕಡೆಯ ಒಂದು ದೇವಸ್ಥಾನದಲ್ಲಿ ಪೂಜೆಯ ಹಕ್ಕು ಮುಂಬೈಯಲ್ಲಿ ನೆಲೆಸಿದ್ದ ಮನೆತನದ್ದು, ವರ್ಷವಿಡೀ ಪೂಜೆ ಮಾಡುತ್ತಿದ್ದವರು ಅಪ್ಪ. ದೀಪೋತ್ಸವದ ದಿನ ಹಕ್ಕಿನವರು ಪಟ್ಟೆಮಡಿ ಉಟ್ಟು ಬಂದು ಗರ್ಭಗುಡಿ ಹೊಕ್ಕರೆ, ಅಪ್ಪ ಹೊರಗೆ ಕೂತು ಗಂಧ ತೇಯಬೇಕು. ಬದಲಿ ಪಾದ್ರಿಯ ಪಾಡು ವಿದ್ಯಾರ್ಥಿಗಳಿಗೆ ತಿಳಿಯಲೆಂದು ನಾನೇ ಅದನ್ನು ಟಿಪ್ಪಣಿಯಲ್ಲಿ ಬರೆದಿದ್ದೆ.

ಎದ್ದು ನಿಂತೆ. "ಆ ಅರ್ಚಕರು ನನ್ನ ತಂದೆ. ಇವರು ಅವರ ಮುಖವನ್ನೇ ಕಂಡವರಲ್ಲ. ಈ ಉಪನ್ಯಾಸ ಪೂರ್ತಿ ನನ್ನದು."

ಪ್ರೊಫೆಸರ್ ನಕ್ಕು, "ನಮ್ಮ ಸಹಾಯಕಿ ಸ್ವಲ್ಪ ಭಾವುಕರಾಗಿದ್ದಾರೆ" ಎಂದರು. ಸಭೆಯೂ ನಕ್ಕಿತು. ಥೂ, ಅಷ್ಟು ಓದಿದವರ ನಗು!

ಹುದ್ದೆ ಹೋಯಿತು, ಕಾಂಟ್ರಾಕ್ಟೂ ಹೋಯಿತು. ಮುಂದಿನ ಟರ್ಮಿಗೆ ನನ್ನ ಜಾಗಕ್ಕೆ ಬಂದ ಹುಡುಗಿ ಒಂದು ದಿನ ಫೋನ್ ಮಾಡಿದಳು. ಪ್ರೊಫೆಸರ್ ಕೊಟ್ಟ ಟಿಪ್ಪಣಿ ಇಟ್ಟುಕೊಂಡು ಪಾಠ ಮಾಡುತ್ತಿದ್ದಾಳಂತೆ. ಆ ಅರ್ಚಕರ ಹೆಸರೇನೆಂದು ವಿದ್ಯಾರ್ಥಿಯೊಬ್ಬ ಕೇಳಿದನಂತೆ. ಪ್ರೊಫೆಸರರಿಗೆ ನೆನಪಿಲ್ಲವಂತೆ. "ನಿಮಗೇನಾದರೂ ಗೊತ್ತಾ?"

ಅಪ್ಪನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವಳು ಬರೆದುಕೊಂಡು ಓದಿ ಹೇಳುವವರೆಗೂ ಫೋನ್ ಇಡಲಿಲ್ಲ.