ಅಣ್ಣ ಸ್ಟೇರಿಂಗ್ ಬಿಟ್ಟದ್ದು ಏಕೆಂದರೆ

ತೆಲುಗು ನನಗೆ ಬರುವುದಿಲ್ಲ ಎಂದು ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಜನರೆದುರು ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನ ಭಾರ ಹೊತ್ತವನು ನನ್ನ ಅಣ್ಣ ಸಿದ್ದಣ್ಣ. ನಮ್ಮ ಬಸ್ ಕಂಪನಿಯ ಹಳೆಯ ಕಥೆ ಕೇಳಿದವರಿಗೆಲ್ಲ, ಇದ್ದಿಲ ಹೊಗೆಗೆ ಅಣ್ಣನ ಕಣ್ಣು ಮಂಜಾಯಿತು, ಅದಕ್ಕೇ ಡ್ರೈವರಿಕೆ ಬಿಟ್ಟ ಎಂದು ಹೇಳುತ್ತ ಬಂದಿದ್ದೇನೆ. ಅದೂ ಸುಳ್ಳೇ. ಅವನ ಕಣ್ಣು ಕೊನೆಯವರೆಗೂ ಚೆನ್ನಾಗಿತ್ತು.

ಅಪ್ಪ ಹುಣಸೆಹಣ್ಣಿನ ವ್ಯಾಪಾರಿ. ಕೊರಟಗೆರೆಗೂ ಶಿರಾಕ್ಕೂ ಎತ್ತಿನ ಗಾಡಿ ಹೂಡಿ ಹೂಡಿ ಸಾಕಾಗಿ, ಯಾರೋ ಮಾರಲಿಟ್ಟಿದ್ದ ಹಳೆಯ ಲಾರಿ ತಂದು, ಶಿರಾದ ಬಡಗಿಗಳಿಂದ ಅದಕ್ಕೆ ಮರದ ಬಾಡಿ ಕಟ್ಟಿಸಿದ. ಅದೇ ನಮ್ಮ ಮೊದಲ ಬಸ್ಸು. ಅಣ್ಣ ಓಡಿಸುತ್ತಿದ್ದ, ನಾನು ಟಿಕೆಟ್ಟು ಕೊಡುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಕಂಪನಿ ಎಂದರೆ ನಾವಿಬ್ಬರೇ. ಸ್ಟೇರಿಂಗ್ ಹಿಡಿದರೆ ಅಣ್ಣ ಬೇರೆಯೇ ಮನುಷ್ಯ — ಮನೆಯಲ್ಲಿ ಬಾಯಿ ಬಿಡದವನು ಅಲ್ಲಿ ದಾರಿಯುದ್ದಕ್ಕೂ ಗುನುಗುತ್ತಿದ್ದ.

ಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದಾಯಿತು. ಬಸ್ಸಿನ ಹಿಂದೆ ಇದ್ದಿಲಿನ ಡ್ರಮ್ಮು ಕಟ್ಟಿ, ಅದರ ಅನಿಲದಲ್ಲಿ ಓಡಿಸುತ್ತಿದ್ದೆವು. ಏರು ಬಂದರೆ ನಿಲ್ಲಿಸಿ ಗಾಳಿ ಹಾಕಿ ಕೆಂಡ ಎಬ್ಬಿಸಬೇಕು. ಆ ಕೆಲಸ ನನ್ನದು.

ಆ ದಿನ ಪಾವಗಡದಿಂದ ಮಿಡಿಗೇಶಿಯ ಕಡೆಗೆ ಬರುತ್ತ ಹಾಗೆಯೇ ನಿಂತಿದ್ದೆವು. ಬಸ್ಸಿನ ತುಂಬ ಮದುವೆ ಮುಗಿಸಿ ಊರಿಗೆ ಹೊರಟ ಮಧುಗಿರಿಯ ವರ್ತಕರ ಮನೆಯವರು. ನಾನು ಹಿಂದೆ ಗಾಳಿ ಹಾಕುತ್ತಿದ್ದಾಗ ಹೊಲದ ಕಡೆಯಿಂದ ಒಬ್ಬ ಓಡಿಬಂದ. ಊರ ಹೊರಗಿನ ಕೇರಿಯವನು — ದೂರದಲ್ಲೇ ನಿಂತ ರೀತಿಯಿಂದಲೇ ಗೊತ್ತಾಯಿತು.

“ನೊಪ್ಪುಲು ಸಾಮೀ, ಬಿಡ್ಡ ಅಡ್ಡಂ ತಿರಿಗಿಂದಿ. ಆಸ್ಪತ್ರಿಕಿ ತೀಸ್ಕಪೋಂಡಿ.”

ಹೆಂಡತಿಗೆ ಹೆರಿಗೆ ನೋವು, ಮಗು ಅಡ್ಡ ತಿರುಗಿದೆ, ಮುಂದಿನ ತಿರುವಿನಲ್ಲಿ ಗಾಡಿಯಲ್ಲಿ ಮಲಗಿಸಿದ್ದೇವೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದ. ಪ್ರತಿ ಮಾತೂ ನನಗೆ ತಿಳಿಯಿತು. ಬಸ್ಸಿನೊಳಕ್ಕೆ ನೋಡಿದೆ. ರೇಷ್ಮೆ ಸೀರೆಯ ಹೆಂಗಸರು ಸೆರಗಿನಿಂದ ಹೊಗೆ ಬೀಸಿಕೊಳ್ಳುತ್ತಿದ್ದರು. ಇವಳನ್ನು ಅವರ ಪಕ್ಕ ಮಲಗಿಸಿದರೆ — ಅವರು ಇಳಿದುಬಿಟ್ಟರೆ — ನಾಳೆಯಿಂದ ನಮ್ಮ ಬಸ್ಸು ಹತ್ತುವವರು ಯಾರು...

“ಹೋಗು, ಡ್ರೈವರಿಗೆ ಹೇಳ್ತೀನಿ” ಎಂದೆ. ಅವನು ಕೈ ಮುಗಿದು ಗಾಡಿಯ ಕಡೆಗೆ ಓಡಿದ. ನಾನು ಹೇಳಲಿಲ್ಲ.

ತಿರುವಿನಲ್ಲಿ ಒಬ್ಬ ಮುದುಕಿ ರಸ್ತೆಗೆ ಬಂದು ಎರಡೂ ಕೈ ಎತ್ತಿದಳು. ಅಣ್ಣ ನಿಧಾನ ಮಾಡಿದ. “ಯಾರೋ ಕೈ ಅಡ್ಡ ಹಾಕವ್ರೆ, ನೋಡ್ಲಾ ಮಲ್ಲ.”

“ನಮಗಲ್ಲ ಕಣಣ್ಣ. ದನ ಅಟ್ಟುತಾವ್ರೆ. ಹೊರಡು.”

ಅವನು ಹೊರಟ. ನನ್ನ ಮಾತನ್ನು ಎಂದಾದರೂ ಅನುಮಾನಿಸಿದ್ದರೆ ತಾನೆ!

ಒಂದು ವಾರ ಕಳೆದಿರಬಹುದು. ಆ ಮನುಷ್ಯ ನಡೆದುಕೊಂಡೇ ಮಧುಗಿರಿಗೆ ಬಂದ. ಹೆಸರು ಹನುಮಂತಪ್ಪ ಎಂದು ಆಗಲೇ ಗೊತ್ತಾದದ್ದು. ಹೆಂಡತಿ ಗಾಡಿಯಲ್ಲೇ ಸತ್ತಿದ್ದಳು, ಮಗುವೂ ಉಳಿಯಲಿಲ್ಲ. ಜಗಳಕ್ಕೆ ಬಂದಿರಲಿಲ್ಲ ಅವನು. ಹೇಳಿದರೂ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುವುದಕ್ಕೆ ಬಂದಿದ್ದ, ಅಷ್ಟೇ. ಸ್ಟ್ಯಾಂಡಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ಅಣ್ಣ ನನ್ನ ಮುಖ ನೋಡಿದ.

“ನೀನೇನಂದ್ಯೋ ನಂಗೆ ತಿಳೀಲಿಲ್ಲಪ್ಪ” ಎಂದೆ. “ತೆಲುಗು ನಂಗೆ ಬರಾಕಿಲ್ಲ.”

ಹನುಮಂತಪ್ಪ ಆಗ ಬಾರದ ಕನ್ನಡದಲ್ಲಿ ಒಂದೊಂದೇ ಶಬ್ದ ಹುಡುಕಿ, ಹೆಂಡತಿಯ ನೋವನ್ನು ಮತ್ತೆ ಮೊದಲಿನಿಂದ ಹೇಳಿದ. ನನಗೆ ಅರ್ಥವಾಗಲಿ ಎಂದು. ನಾನು ತಲೆಯಾಡಿಸುತ್ತ ನಿಂತೆ — ಈಗಷ್ಟೇ ತಿಳಿಯಿತೆಂಬಂತೆ.

ಅಣ್ಣ ಪಕ್ಕದಲ್ಲೇ ಇದ್ದ. ನಮ್ಮವ್ವ ಪಾವಗಡದ ಆಚೆಯ ಹಳ್ಳಿಯವಳು. ನಮ್ಮಿಬ್ಬರನ್ನೂ ಅವಳು ಎತ್ತಿ ಆಡಿಸಿದ್ದು, ಬೈದದ್ದು, ಉಣಿಸಿದ್ದು ಎಲ್ಲ ತೆಲುಗಿನಲ್ಲೇ. ನನ್ನ ಸುಳ್ಳು ತಿಳಿಯುವುದಕ್ಕೆ ಅಣ್ಣನಿಗೆ ಇನ್ನೇನು ಬೇಕಿತ್ತು? ಅವನು ನನ್ನಿಂದ ಕಣ್ಣು ತೆಗೆದು ಹನುಮಂತಪ್ಪನ ಹತ್ತಿರ ಹೋದ. “ತಪ್ಪು ನಂದು ಕಣಪ್ಪ. ಬಸ್ ನನ್ನ ಕೈಲಿತ್ತು. ಮುದುಕಮ್ಮ ಕೈ ಎತ್ತಿದ್ದ ಕಂಡೂ ಬಂದ್ಬುಟ್ಟೆ” ಎಂದ. ಹನುಮಂತಪ್ಪ ಬಂದ ದಾರಿಯಲ್ಲೇ ಹೋದ.

ಅಣ್ಣ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಅಪ್ಪನ ಹಳೆಯ ಮಂಡಿಯಲ್ಲಿ ಕುಳಿತು ಹುಣಸೆಹಣ್ಣು ತೂಗಿದ. ಸಿದ್ದಣ್ಣ ಬಸುರಿ ಹೆಂಗಸನ್ನು ಬಿಟ್ಟುಬಂದನಂತೆ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದು ನಾನು ಬಿಟ್ಟೆ. ಕಂಪನಿ ನನ್ನ ಕೈಗೆ ಬಂತು, ಬೆಳೆಯಿತು. ಒಂದೇ ಮನೆ, ಒಂದೇ ಪಂಕ್ತಿಯಲ್ಲಿ ಊಟ. ಆ ಮಾತು ಮಾತ್ರ ನಮ್ಮ ನಡುವೆ ವರ್ಷಗಟ್ಟಲೆ ಬರಲಿಲ್ಲ.

ಅಣ್ಣ ಹಾಸಿಗೆ ಹಿಡಿದಾಗ, ಒಂದು ಮಧ್ಯಾಹ್ನ ಅವನ ಕಾಲು ಒತ್ತುತ್ತ ನಾನೇ ಕೇಳಿದೆ. “ಅವತ್ತು ನೀನ್ಯಾಕೆ ನನ್ನ ಹೆಸರು ಹೇಳಲಿಲ್ಲಣ್ಣ?”

ಅವನು ಸಿಟ್ಟಾಗಲಿಲ್ಲ. “ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ ಕಣ್ಲಾ” ಎಂದ. ಆಮೇಲೆ, “ಹನುಮಂತಪ್ಪ ಇನ್ನೂ ಅವ್ನೆ. ಹೋಗಿ ಬಾ” ಎಂದು ಮಗ್ಗುಲಾದ.

ಅಣ್ಣ ಹೋದ ಮೇಲೂ ಹನುಮಂತಪ್ಪ ಬಹಳ ವರ್ಷ ಬದುಕಿದ್ದ. ಅವನ ಊರಿನ ಮುಂದೆ ದಿನವೂ ನಮ್ಮದೇ ಬಸ್ಸುಗಳು ಹಾದುಹೋಗುತ್ತಿದ್ದವು. ಅವುಗಳಲ್ಲೊಂದನ್ನು ಹತ್ತಿ ಅಲ್ಲಿ ಇಳಿದಿದ್ದರೆ ಸಾಕಾಗಿತ್ತು.

ನಾನು ಹೋಗಲಿಲ್ಲ.