ಗಾಯ ತೊಳೆಯುವ ಮೈನಾಬಿ

ಕಲ್ಲೋಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ದಾಟಿಕೊಂಡು ಮೈನಾಬಿಯ ಸ್ಕೂಟಿ ಓಣಿಯೊಳಕ್ಕೆ ತಿರುಗುತ್ತದೆ. ಕಾಲ ಬಳಿ ಮಂಜುಗಡ್ಡೆಯ ಪೆಟ್ಟಿಗೆ, ಹೆಗಲಿಗೆ ಹತ್ತಿ, ಪಟ್ಟಿಗಳ ಚೀಲ. ಕಬ್ಬಿನ ಹೊಲಗಳಲ್ಲಿ ಕೂಲಿ ಮಾಡುವ ಪದ್ಮವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕಾದು ಕುಳಿತಿದ್ದಾರೆ.

"ನೆಲಕ್ಕ ಕಾಲ ಊರಿಲ್ಲ ಹೌದಿಲ್ಲಬೇ?"

"ಇಲ್ಲವಾ. ನೀ ಬೈತಿ ಅಂತ ಒಲಿ ಮುಂದ ಸುದ್ದಾ ಹೋಗಿಲ್ಲ."

ಇಬ್ಬರೂ ನಗುತ್ತಾರೆ. ಮೈನಾಬಿ ಕುಕ್ಕರಗಾಲಲ್ಲಿ ಕುಳಿತು, ಹಳೆಯ ಪಟ್ಟಿಯನ್ನು ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸುತ್ತಾರೆ.

ಮೂಡಲಗಿಯ ಮೈನಾಬಿ ಗೋಕಾಕದ ಒಂದು ಖಾಸಗಿ ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆಯವರ ಮಾಯದ ಗಾಯಗಳಿಗೆ ಪಟ್ಟಿ ಕಟ್ಟುತ್ತಾರೆ. ದಿನಕ್ಕೆ ಏಳೆಂಟು ಮನೆ. ವಾರಕ್ಕೊಮ್ಮೆ ಬಸ್ಸು ಹಿಡಿದು ಹುಕ್ಕೇರಿ ಕಡೆಯ ಕಣಗಲಾಕ್ಕೂ ಹೋಗಬೇಕು. ಈ ಕೆಲಸಕ್ಕೆ ಅವರನ್ನು ಎಳೆದು ತಂದದ್ದು ಅಪ್ಪನ ಕಾಲು. ಗಾದಿ ಹೊಲಿಯುತ್ತಿದ್ದ ಅಪ್ಪ ನಬಿಸಾಬರ ಪಾದಕ್ಕೆ ಸೂಜಿ ಚುಚ್ಚಿ ಒಳಗೇ ಮುರಿದಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದ್ದರಿಂದ ಅವರಿಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು.

"ಉಳದ ಇನ್ನೊಂದು ಕಾಲ ದಿನಾ ತೊಳದ ನೋಡತಿದ್ನಿರಿ. ಅಲ್ಲೇ ಕಲತದ್ದು," ಎನ್ನುತ್ತಾರೆ. ಆಮೇಲೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ನರ್ಸುಗಳ ಬಳಿ ಉಳಿದದ್ದನ್ನು ಕಲಿತರು.

ಪೆಟ್ಟಿಗೆಯಿಂದ ಈಗ ಹೊರಬರುವುದು ಹೊಸ ಜೆಲ್. ನಮ್ಮ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಕಳಿಸುತ್ತವೆ. ಪ್ರಯೋಗಾಲಯದಲ್ಲಿ ಅಂಥ ಗುಳ್ಳೆಗಳನ್ನು ಮಾರ್ಪಡಿಸಿ, ಚರ್ಮ ಕೂಡಿಸುವ ಅಂಶ ತುಂಬಿ ಈ ಜೆಲ್‌ಗೆ ಬೆರೆಸಿದ್ದಾರೆ. ಮೈನಾಬಿ ಅದನ್ನು ರೋಗಿಗಳಿಗೆ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: "ಸಾಲಿ ಕಲಿಯೂ ಹುಡುಗರಿಗಿ ಊರಿಂದ ಬಸ್ಸಿನ್ಯಾಗ ಬುತ್ತಿ ಕಳಸ್ತಾರಲ್ರಿ, ಹಂಗ. ಆ ಬುತ್ತ್ಯಾಗ ಗಾಯ ಮಾಯಸೂ ಸಾಮಾನು ಕಟ್ಟ್ಯಾರ."

ಇದಿನ್ನೂ ಪರೀಕ್ಷೆಯ ಹಂತದಲ್ಲಿದೆ; ಪದ್ಮವ್ವನೂ ಅದರಲ್ಲೊಬ್ಬರು. ಅರ್ಧ ಜನರಿಗೆ ಔಷಧವಿರುವ ಜೆಲ್, ಉಳಿದವರಿಗೆ ಬರೀ ಜೆಲ್. ಎರಡೂ ಟ್ಯೂಬು ಒಂದೇ ಥರ. ಯಾರಿಗೆ ಯಾವುದೆಂದು ಮೈನಾಬಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಮಳೆಗಾಲದಲ್ಲಿ ಒಂದು ಎಡವಟ್ಟಾಯಿತು. ಮನೆಯಲ್ಲಿ ಕೂತು ಬೇಸತ್ತ ಪದ್ಮವ್ವ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕಳೆ ಕೀಳಲು ಹೋದರು. ಮರುದಿನ ಮೈನಾಬಿ ಪಟ್ಟಿ ಬಿಚ್ಚಿದರೆ ಕೆಸರು, ಕೆಟ್ಟ ವಾಸನೆ. ಕಾಲುಂಗುರದ ಬೆರಳು ಊದಿತ್ತು.

"ಡಾಕ್ಟರಿಗಿ ಹೇಳಬ್ಯಾಡ ಮೈನಾ, ನನ್ನ ತಗದ ಹಾಕ್ತಾರ," ಎಂದು ಪದ್ಮವ್ವ ಕೈ ಹಿಡಿದುಕೊಂಡರು.

"ಹೇಳದಿದ್ರ ಬೆರಳ ತಗೀತಾರ. ಹತ್ತಬೇ ಗಾಡಿ!"

ಸ್ಕೂಟಿ ಸೀದಾ ಗೋಕಾಕಕ್ಕೆ ಓಡಿತು. ಡಾಕ್ಟರ್ ಶ್ರೀಶೈಲ ಗಾಯ ಕೆರೆದು ಶುದ್ಧಮಾಡಿ, ಆದದ್ದನ್ನು ಆದಂತೆ ಬರೆದುಕೊಂಡರು. ಪದ್ಮವ್ವನನ್ನು ಪರೀಕ್ಷೆಯಲ್ಲೇ ಉಳಿಸಿಕೊಂಡರು. ಬೆರಳು ಉಳಿಯುವುದೋ ಇಲ್ಲವೋ ಎಂದು ಅವರಿಗೂ ಖಾತ್ರಿಯಿರಲಿಲ್ಲ. ಆ ವಾರವೆಲ್ಲ ಮೈನಾಬಿ ದಿನಾ ಮೊದಲು ಪದ್ಮವ್ವನ ಮನೆಗೇ ಹೋಗಿ ಪಟ್ಟಿ ಬಿಚ್ಚಿ ನೋಡುತ್ತಿದ್ದರು.

ಇಂದು ಪಟ್ಟಿ ಪೂರ್ತಿ ಕಳಚುತ್ತದೆ. ಗಾಯವಿದ್ದಲ್ಲಿ ತೆಳುವಾದ, ಗುಲಾಬಿ ಬಣ್ಣದ ಹೊಸ ಚರ್ಮ ಕೂಡಿಕೊಂಡಿದೆ. ಪದ್ಮವ್ವ ಬಗ್ಗಿ ಬಗ್ಗಿ ನೋಡುತ್ತಾರೆ.

"ಕಾಲುಂಗ್ರ ಹಾಕ್ಕೊಳ್ಳೇನ?"

"ಇನ್ನೊಂದು ತಿಂಗಳ ತಡೀಬೇ, ಅವಸರ ಏನೈತಿ?"

ಈ ಚರ್ಮ ಕೂಡಿದ್ದು ಆ ಗುಳ್ಳೆಗಳಿಂದಲೋ, ದಿನದಿನದ ಆರೈಕೆಯಿಂದಲೋ? ಎಲ್ಲರ ಗಾಯಗಳ ಲೆಕ್ಕ ಮುಗಿದ ಮೇಲೆ, ಬರುವ ವರ್ಷ ತಿಳಿಯಲಿದೆ. ಮುಂದಿನ ಮನೆಗೆ ಹೊರಡಲು ಸ್ಕೂಟಿ ತಿರುಗಿಸುತ್ತ ಮೈನಾಬಿ ಹೇಳುತ್ತಾರೆ: "ಏನ ಬಂದ್ರೂ ನನಗೊಂದು ಫೋನ್ ಮಾಡ್ರಿ ಅಂತ ಡಾಕ್ಟರಿಗಿ ಹೇಳೇನ್ರಿ. ಔಷಧ ನಡದಿಲ್ಲ ಅಂದ್ರೂ ಹೇಳ್ರಿ ಅಂದೇನಿ. ಇಷ್ಟ ಮಂದಿ ಕಾಲ ತೊಳದೇನಿ, ಕೇಳೂ ಹಕ್ಕ ನನಗೂ ಐತಿ."